ಏರೋಸಾಲ್ ಜಾಬ್‌ವರ್ಕ್: ತುಂಬಿಸಲು ಕೊಡುವ ಮೊದಲು ತಿಳಿದಿರಬೇಕಾದದ್ದು

ತಮ್ಮ ಬ್ರಾಂಡಿನ ಸ್ಪ್ರೇಯನ್ನು ಬೇರೆಯವರ ಫ್ಯಾಕ್ಟರಿಯಲ್ಲಿ ತುಂಬಿಸಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಒಂದು ಡಬ್ಬಿಗೆ ಎಷ್ಟಾಗುತ್ತದೆ, ಕನಿಷ್ಠ ಎಷ್ಟು ಡಬ್ಬಿ ಮಾಡಿಸಬೇಕು. ಕೇಳಬೇಕಾದ ಪ್ರಶ್ನೆಗಳೇ, ಇಲ್ಲವೆನ್ನುವುದಿಲ್ಲ. ಆದರೆ ಆರು ತಿಂಗಳ ಮೇಲೆ ಗೋದಾಮಿನಲ್ಲಿ ಡಬ್ಬಿಗಳು ಹಗುರಾಗಿ, ಅಡಿಯಲ್ಲಿ ತುಕ್ಕು ಕಾಣಿಸಿಕೊಂಡು, ಒತ್ತಿದರೆ ಬುಸ್ಸೆಂದು ಬರೀ ಗ್ಯಾಸ್ ಬರತೊಡಗಿದಾಗ ಈ ಎರಡರ ಉತ್ತರದಿಂದಲೂ ಏನೂ ಪ್ರಯೋಜನವಿಲ್ಲ. ಶಾಂಪೂ ಬಾಟಲಿಯಲ್ಲಿ ತೂಕ ಕಡಿಮೆ ಬಿದ್ದರೆ ಮುಚ್ಚಳ ಬಿಚ್ಚಿ ಇನ್ನಷ್ಟು ಸುರಿಯಬಹುದು. ಏರೋಸಾಲ್ ಡಬ್ಬಿಗೆ ವಾಲ್ವ್ ಕೂರಿಸಿ ಕ್ರಿಂಪ್ ಮಾಡಿದ (ಅಂದರೆ ಡಬ್ಬಿಯ ಬಾಯಿಗೆ ಬಿಗಿಯಾಗಿ ಕಚ್ಚಿಸಿದ) ಮೇಲೆ ಒಳಗಿನದನ್ನು ತಿದ್ದುವ ದಾರಿಯೇ ಇಲ್ಲ. ತೂತು ಮಾಡಿ ಬಿಸಾಡಬೇಕು. ಹಾಗಾಗಿ ಈ ಧಂದೆಯಲ್ಲಿ ಗೆಲುವು ಸೋಲು ಬಹುಪಾಲು ಕ್ರಿಂಪ್ ಆಗುವುದಕ್ಕೆ ಮುಂಚೆಯೇ ತೀರ್ಮಾನವಾಗಿರುತ್ತದೆ.

ಮೊದಲು ಡಬ್ಬಿಯೊಳಗಿನ ಲೆಕ್ಕ ನೋಡೋಣ. ಒಂದು ಬಾಡಿ ಸ್ಪ್ರೇ ಎಂದಿಟ್ಟುಕೊಳ್ಳಿ: ತೂಕದಲ್ಲಿ ಶೇ. 35 ಕಾನ್ಸಂಟ್ರೇಟ್ (ಆಲ್ಕೋಹಾಲ್, ಸುಗಂಧ ಇತ್ಯಾದಿ), ಶೇ. 65 ಎಲ್‌ಪಿಜಿ (ಮಾಲನ್ನು ಹೊರಕ್ಕೆ ತಳ್ಳುವ ಗ್ಯಾಸ್). ಕಾನ್ಸಂಟ್ರೇಟಿನ ಸಾಂದ್ರತೆ (ಮಿ.ಲೀ.ಗೆ ಗ್ರಾಂ ಲೆಕ್ಕದಲ್ಲಿ) 0.80, ದ್ರವರೂಪದ ಗ್ಯಾಸಿನದು 0.55. ಇವೆರಡೂ ಬೆರೆತಾಗ ಒಟ್ಟು ಸಾಂದ್ರತೆ ಸುಮಾರು 0.617. ಲೇಬಲ್ ಮೇಲೆ 150 ಮಿ.ಲೀ. ಎಂದು ಬರೆಯಬೇಕಾದರೆ ಒಳಗೆ ಹೋಗಬೇಕಾದದ್ದು 92.6 ಗ್ರಾಂ: 32.4 ಗ್ರಾಂ ಕಾನ್ಸಂಟ್ರೇಟ್, 60.2 ಗ್ರಾಂ ಗ್ಯಾಸ್. ಗಾತ್ರದಲ್ಲಿ ಹೇಳುವುದಾದರೆ ಕಾನ್ಸಂಟ್ರೇಟ್ 40 ಮಿ.ಲೀ. ಚಿಲ್ಲರೆ, ಉಳಿದ 110 ಮಿ.ಲೀ.ಗೆ ಸ್ವಲ್ಪ ಕಡಿಮೆ ಗ್ಯಾಸ್. ಇದನ್ನು ಹಾಕುವುದು ಅಂಚಿನವರೆಗೆ 210 ಮಿ.ಲೀ. ಹಿಡಿಯುವ ಡಬ್ಬಿಗೆ. 150ಕ್ಕೆ 210, 200ಕ್ಕೆ 270, 300ಕ್ಕೆ 405, ಹೀಗೆ ಯುರೋಪಿನ ಮಾಪನದಲ್ಲಿ ಜೋಡಿಗಳೇ ಇವೆ. ಮೇಲಿನ ಖಾಲಿ ಜಾಗ ಗಿರಾಕಿಗೆ ಮೋಸ ಮಾಡಲು ಬಿಟ್ಟದ್ದಲ್ಲ. ಬಿಸಿಯಾದಾಗ ದ್ರವ ಹಿಗ್ಗುತ್ತದೆ. ಮೇಲಿನ 150 ಮಿ.ಲೀ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 160 ಆಗುತ್ತದೆ. ಆ ಉಷ್ಣತೆಯಲ್ಲೂ ದ್ರವ ಡಬ್ಬಿಯ ಶೇ. 90 ಮೀರಬಾರದು ಎಂಬುದು ಯುರೋಪಿನ 75/324/ಇಇಸಿ ನಿರ್ದೇಶನದ ನಿಯಮ. ಡಬ್ಬಿಯೊಳಗೆ ದ್ರವವೇ ತುಂಬಿ ಆವಿಗೆ ಜಾಗವಿಲ್ಲದಂತಾದರೆ ಒಂದೆರಡು ಡಿಗ್ರಿ ಏರಿದರೂ ಒತ್ತಡ ನೆಗೆಯುತ್ತದೆ, ತಗಡು ತಡೆಯುವುದಿಲ್ಲ.

ಇನ್ನು ಗ್ಯಾಸ್. ಎಲ್‌ಪಿಜಿ ಎಂದರೆ ಇಲ್ಲಿ ಪ್ರೊಪೇನ್, ಐಸೊಬ್ಯೂಟೇನ್, ಎನ್-ಬ್ಯೂಟೇನ್‌ಗಳ ಅಳೆದು ಬೆರೆಸಿದ ಮಿಶ್ರಣ, ವಾಸನೆ ತೆಗೆದದ್ದು. ಎ-46 ಎಂದು ಕರೆಯುವ ಮಿಶ್ರಣದ ಹೆಸರಿನಲ್ಲೇ ಅದರ ಒತ್ತಡ ಇದೆ: 70 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 46 ಪಿಎಸ್‌ಐ, ಅಂದರೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 3.2 ಬಾರ್. ಅದೇ ಉಷ್ಣತೆಯಲ್ಲಿ ಶುದ್ಧ ಎನ್-ಬ್ಯೂಟೇನ್ 17, ಐಸೊಬ್ಯೂಟೇನ್ 31, ಪ್ರೊಪೇನ್ 109 ತೋರಿಸುತ್ತವೆ. ಒತ್ತಡ ಹೆಚ್ಚಿದಷ್ಟೂ ಹನಿ ಸಣ್ಣದಾಗಿ ಸ್ಪ್ರೇ ಒಣಗಿದಂತಾಗುತ್ತದೆ, ಕಡಿಮೆಯಾದರೆ ಒದ್ದೆ. ನೀರು ಹೆಚ್ಚಿರುವ ಫಾರ್ಮುಲಾಗಳಿಗೆ ಡೈಮೀಥೈಲ್ ಈಥರ್ (ಡಿಎಂಇ) ಬರುತ್ತದೆ, ಏಕೆಂದರೆ ಎಲ್‌ಪಿಜಿ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ, ಡಿಎಂಇ ಸಾಕಷ್ಟು ಕರಗುತ್ತದೆ. ಆದರೆ ಅದೇ ಡಿಎಂಇ, ವಾಲ್ವ್ ಸೋರದಂತೆ ತಡೆಯುವ ಗ್ಯಾಸ್ಕೆಟ್ಟಿನ ರಬ್ಬರನ್ನೂ ಊದಿಸುತ್ತದೆ.

ಹಿಂದೆ ಈ ತಾಪತ್ರಯವೆಲ್ಲ ಇಷ್ಟಿರಲಿಲ್ಲ. ಸಿಎಫ್‌ಸಿ (ಕ್ಲೋರೊಫ್ಲೂರೊಕಾರ್ಬನ್) ಗ್ಯಾಸುಗಳು ಉರಿಯುತ್ತಿರಲಿಲ್ಲ, ಯಾವುದಕ್ಕೂ ಸುಲಭವಾಗಿ ಹೊಂದಿಕೊಳ್ಳುತ್ತಿದ್ದವು. ಅವು ಓಜೋನ್ ಪದರಕ್ಕೆ ಹಾನಿ ಮಾಡುತ್ತವೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು. 1978ರಲ್ಲಿ ಅಮೆರಿಕ ಬಹುಪಾಲು ಸ್ಪ್ರೇಗಳಲ್ಲಿ ಅವನ್ನು ನಿಷೇಧಿಸಿತು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಉಳಿದ ದೇಶಗಳೂ ಬಿಡುತ್ತಾ ಬಂದವು. ಜಾಗಕ್ಕೆ ಬಂದ ಎಲ್‌ಪಿಜಿ ಅಗ್ಗ, ಆದರೆ ಉರಿಯುತ್ತದೆ. ಇವತ್ತಿನ ಫಿಲ್ಲಿಂಗ್ ಪ್ಲಾಂಟಿನ ವಿನ್ಯಾಸ ಹೀಗಿರುವುದಕ್ಕೆ ಮುಖ್ಯ ಕಾರಣ ಇದೇ.

ಡಬ್ಬಿ ಮತ್ತು ವಾಲ್ವ್

ಡಬ್ಬಿ ಎರಡು ಬಗೆ. ಟಿನ್‌ಪ್ಲೇಟಿನದಕ್ಕೆ (ತವರ ಲೇಪಿಸಿದ ಉಕ್ಕಿನ ತಗಡು) ಮೂರು ತುಂಡು: ಬೆಸೆದ ಮೈ, ಮೇಲಿನ ಡೋಮ್, ಒಳಕ್ಕೆ ಬಾಗಿದ ತಳ. ಅಲ್ಯೂಮಿನಿಯಂನದು ಒಂದೇ ಬಿಲ್ಲೆಯನ್ನು ಒತ್ತಿ ಎಬ್ಬಿಸಿದ್ದು, ಎಲ್ಲೂ ಬೆಸುಗೆ ಇಲ್ಲ. ಯಾವುದಾದರೂ ಬಾಯಿ ಸಾಮಾನ್ಯವಾಗಿ ಒಂದು ಇಂಚು, 25.4 ಮಿ.ಮೀ. ಅಲ್ಯೂಮಿನಿಯಂ ಚಂದ ಕಾಣುತ್ತದೆ ಎಂದು ಆರಿಸಿಕೊಳ್ಳುವವರು ಒಂದು ವಿಷಯ ಮರೆಯುತ್ತಾರೆ: ಅದು ತೀರಾ ಆಮ್ಲವನ್ನೂ ಸಹಿಸದು, ಕ್ಷಾರವನ್ನೂ ಸಹಿಸದು. ನೀರಿನ ಅಂಶವೇ ಇಲ್ಲದ ಶುದ್ಧ ಆಲ್ಕೋಹಾಲ್ ಕೂಡ ಬರಿಯ ಅಲ್ಯೂಮಿನಿಯಂ ಅನ್ನು ತಿನ್ನಬಲ್ಲದು. ಆದ್ದರಿಂದ ಒಳಗಿನ ಲ್ಯಾಕರ್ (ರಕ್ಷಣೆಯ ಲೇಪ) ಯಾವುದು ಎಂಬುದು ಹೊರಗಿನ ಪ್ರಿಂಟಿಗಿಂತ ದೊಡ್ಡ ವಿಷಯ. ಲ್ಯಾಕರ್ ಎಷ್ಟೇ ಒಳ್ಳೆಯದಿದ್ದರೂ ಒಂದೊಂದು ಕಡೆ ಸೂಜಿಮೊನೆಯಷ್ಟು ಬಿಟ್ಟುಹೋಗಿರುತ್ತದೆ. ಟಿನ್‌ಪ್ಲೇಟಿನಲ್ಲಿ ನೀರು, ಕ್ಲೋರೈಡ್, ಒಳಗೆ ಉಳಿದ ಗಾಳಿಯ ಆಮ್ಲಜನಕ ಮೂರೂ ಸೇರಿದರೆ ಅಲ್ಲಿಂದಲೇ ತೂತು ಶುರು. ಕಾನ್ಸಂಟ್ರೇಟಿಗೆ ಡೀಮಿನರಲೈಸ್ಡ್ (ಖನಿಜಾಂಶ ತೆಗೆದ) ನೀರೇ ಬೇಕು, ನಲ್ಲಿ ನೀರು ಕೂಡದು ಎನ್ನುವುದು ಇದಕ್ಕೇ. ಸೋಡಿಯಂ ಬೆಂಜೊಯೇಟ್, ಸೋಡಿಯಂ ನೈಟ್ರೈಟ್‌ನಂಥ ತುಕ್ಕುನಿರೋಧಕಗಳಿವೆ. ಆದರೆ ಫಾರ್ಮುಲಾದಲ್ಲಿ ಅಮೈನ್ ಇದ್ದರೆ ನೈಟ್ರೈಟ್ ಹಾಕಬಾರದು, ಕ್ಯಾನ್ಸರ್ ತರಬಲ್ಲ ನೈಟ್ರೊಸಮೈನ್ ಆಗುತ್ತದೆ.

ವಾಲ್ವನ್ನು ಬಿಚ್ಚಿ ನೋಡಿದರೆ ಏಳು ಭಾಗಗಳು: ಬಾಯಿಗೆ ಕೂರುವ ಲೋಹದ ಕಪ್, ಕಪ್ಪಿನ ಅಂಚಿನ ಹೊರ ಗ್ಯಾಸ್ಕೆಟ್, ಸ್ಟೆಮ್ (ಒತ್ತಿದಾಗ ಕೆಳಗಿಳಿಯುವ ಟೊಳ್ಳು ಕಡ್ಡಿ), ಸ್ಟೆಮ್ಮನ್ನು ಸುತ್ತಿದ ಒಳ ಗ್ಯಾಸ್ಕೆಟ್, ಸ್ಪ್ರಿಂಗ್, ಇವನ್ನು ಹಿಡಿದಿರುವ ಹೌಸಿಂಗ್, ಕೆಳಗಿಳಿಯುವ ಡಿಪ್ ಟ್ಯೂಬ್. ಇವುಗಳಲ್ಲಿ ತೊಂದರೆ ಕೊಡುವುದು ಎರಡು. ಒಂದು ಒಳ ಗ್ಯಾಸ್ಕೆಟ್. ಸ್ಟೆಮ್ಮಿನ ಪಕ್ಕದ ಸಣ್ಣ ತೂತನ್ನು ಮುಚ್ಚಿಹಿಡಿದಿರುವುದು ಈ ರಬ್ಬರ್ ಬಿಲ್ಲೆಯೇ. ಅದು ತುಸು ಊದಬೇಕು, ಆಗಲೇ ಬಿಗಿಯಾಗಿ ಮುಚ್ಚುತ್ತದೆ. ಅತಿಯಾಗಿ ಊದಿದರೆ ಸ್ಟೆಮ್ ಒತ್ತಿದಾಗ ಸಿಕ್ಕಿಕೊಂಡು ಸ್ಪ್ರೇ ನಿಲ್ಲುವುದೇ ಇಲ್ಲ. ಊದದೆ ಕುಗ್ಗಿದರೆ ತಿಂಗಳುಗಟ್ಟಲೆ ಸದ್ದಿಲ್ಲದೆ ಸೋರುತ್ತದೆ. ಬ್ಯೂನಾ, ನಿಯೊಪ್ರೀನ್, ಬ್ಯುಟೈಲ್, ವೈಟಾನ್ ಇವುಗಳಲ್ಲಿ ಯಾವುದು ಎಂದು ನಿರ್ಧರಿಸಲು ಅವೇ ಗ್ಯಾಸ್ಕೆಟ್‌ಗಳನ್ನು ಅದೇ ಕಾನ್ಸಂಟ್ರೇಟ್ ಮತ್ತು ಅದೇ ಗ್ಯಾಸಿನಲ್ಲಿಟ್ಟು ನೋಡಬೇಕು. ಸುಗಂಧದ ಎಣ್ಣೆ ಬದಲಾಯಿಸಿದರೆ ಈ ಪರೀಕ್ಷೆ ಮತ್ತೆ ಮಾಡಬೇಕು ಎಂದರೆ ಬ್ರಾಂಡಿನವರು ಮುಖ ಸಿಂಡರಿಸುತ್ತಾರೆ. ಆದರೂ ಮಾಡಲೇಬೇಕು.

ಎರಡನೆಯದು ಡಿಪ್ ಟ್ಯೂಬಿನ ಉದ್ದ. ಪಾಲಿಥೀನ್ ಟ್ಯೂಬ್ ಗ್ಯಾಸಿನಲ್ಲಿ ನೆನೆದು ಉದ್ದವಾಗುತ್ತದೆ. ಒಣ ಡಬ್ಬಿಯಲ್ಲಿ ಸರಿಯಾಗಿ ಕೂತ ಟ್ಯೂಬು ಕೆಲವು ದಿನಗಳಲ್ಲಿ ತಳಕ್ಕೆ ಒತ್ತಿಕೊಂಡು ತನ್ನ ಬಾಯನ್ನು ತಾನೇ ಮುಚ್ಚಿಕೊಂಡೀತು. ಗಿಡ್ಡವಾದರೆ ತಳದಲ್ಲಿ ಮಾಲು ಉಳಿಯುತ್ತದೆ. ತಳ ಒಳಕ್ಕೆ ಉಬ್ಬಿರುವುದರಿಂದ ಮಾಲು ಕೊನೆಗೆ ಸೇರುವುದು ಅಂಚಿನ ಮೂಲೆಯಲ್ಲಿ. ಟ್ಯೂಬಿನ ತುದಿ ಅಲ್ಲಿಗೇ ಬೀಳಬೇಕು. ಉದ್ದವನ್ನು ಅಳೆಯಬೇಕಾದದ್ದು ತುಂಬಿದ ಡಬ್ಬಿಯನ್ನು ಕೆಲವು ವಾರ ಇಟ್ಟು, ಆಮೇಲೆ ತಣಿಸಿ, ಗ್ಯಾಸ್ ಬಿಟ್ಟು, ತೆರೆದು. ಡ್ರಾಯಿಂಗ್ ನೋಡಿ ಉದ್ದ ನಿರ್ಧರಿಸಿದ ವಾಲ್ವನ್ನು ಲಕ್ಷದ ಲೆಕ್ಕದಲ್ಲಿ ತರಿಸುವುದು ಧೈರ್ಯದ ಕೆಲಸ.

ಕ್ರಿಂಪ್

ಲೈನಿನ ಮೇಲೆ ನಡೆಯುವ ಎಲ್ಲ ಕೆಲಸಗಳಲ್ಲಿ ಕ್ರಿಂಪ್ ಒಂದಕ್ಕೇ ಅರ್ಧ ಗಮನ ಕೊಟ್ಟರೂ ತಪ್ಪಿಲ್ಲ. ಕೊಲೆಟ್ ಎಂಬ ಸೀಳುಸೀಳಾದ ಉಕ್ಕಿನ ಬಾಯಿ ಕಪ್ಪಿನೊಳಗೆ ಇಳಿಯುತ್ತದೆ, ಮಧ್ಯದಿಂದ ಮೊಳೆಯಂಥ ಪ್ಲಂಜರ್ ಕೆಳಗಿಳಿದು ಆ ಸೀಳುಗಳನ್ನು ಹೊರಕ್ಕೆ ತಳ್ಳುತ್ತದೆ, ಕಪ್ಪಿನ ಗೋಡೆ ಡಬ್ಬಿಯ ಬಾಯಿಯ ಸುರುಳಿಯಂಚಿನ ಕೆಳಗೆ ಅಗಲಗೊಂಡು ಕಚ್ಚಿಕೊಳ್ಳುತ್ತದೆ. ಅಳೆಯಬೇಕಾದ್ದು ಎರಡು: ವ್ಯಾಸ 27 ಮಿ.ಮೀ. ಆಸುಪಾಸು, ಆಳ 5 ಮಿ.ಮೀ. ಆಸುಪಾಸು, ಹೆಚ್ಚುಕಡಿಮೆಗೆ ಅವಕಾಶ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಅಷ್ಟೆ. ನಿಖರ ಸಂಖ್ಯೆ ಡಬ್ಬಿಯ ಅಂಚಿನ ಎತ್ತರ ಮತ್ತು ಹೊರ ಗ್ಯಾಸ್ಕೆಟ್ಟಿನ ದಪ್ಪದ ಮೇಲೆ ನಿಂತಿದೆ. ಕತ್ತರಿಸಿದ ರಬ್ಬರ್ ಗ್ಯಾಸ್ಕೆಟ್ಟಿನ ಕಪ್ಪಿನಿಂದ ಪ್ಲಾಸ್ಟಿಕ್ ಪದರ ಅಂಟಿಸಿದ ಕಪ್ಪಿಗೆ ಬದಲಾದರೆ ಹಳೆಯ ಆಳ ಉಪಯೋಗಕ್ಕೆ ಬಾರದು. ವಾಲ್ವ್ ಸರಬರಾಜು ಮಾಡುವವರು ಬದಲಾದಾಗ ಸೆಟ್ಟಿಂಗ್ ಹಾಗೇ ಉಳಿದು ಬ್ಯಾಚಿಗೆ ಬ್ಯಾಚೇ ಸೋರುವುದಕ್ಕೆ ಇದೇ ಸಾಮಾನ್ಯ ಕಾರಣ.

ಆಳ ಕಡಿಮೆಯಾದರೆ ಕೊಲೆಟ್ ಸುರುಳಿಯಂಚಿನ ಮೇಲೆಯೇ ಒತ್ತಿ ಕಪ್ಪನ್ನು ಕತ್ತರಿಸಬಹುದು. ಹೆಚ್ಚಾದರೆ ಕಚ್ಚುವಿಕೆ ಕೆಳಗೆ ಸರಿದು ಗ್ಯಾಸ್ಕೆಟ್ ಮೇಲೆ ಒತ್ತಡ ಉಳಿಯುವುದಿಲ್ಲ. ವ್ಯಾಸ ಕಡಿಮೆಯಾದರೆ ಸಡಿಲ. ಹೆಚ್ಚಾದರೆ ಕಪ್ಪಿನ ತಗಡು ತೆಳುವಾಗಿ ಸೀಳುತ್ತದೆ. ಕೊಲೆಟ್ಟಿನ ಒಂದು ಸೀಳು ಸವೆದಿದ್ದರೆ ಕ್ರಿಂಪ್ ದುಂಡಗೆ ಬರುವುದಿಲ್ಲ, ಒಂದೇ ಕಡೆ ಅಳೆದರೆ ಅದು ಗೊತ್ತಾಗುವುದೂ ಇಲ್ಲ. ಆದ್ದರಿಂದ ಮೆಷಿನ್ನಿನ ಪ್ರತಿ ಹೆಡ್ಡಿನಿಂದಲೂ (ಕ್ರಿಂಪ್ ಮಾಡುವ ತಲೆ) ಡಬ್ಬಿ ತೆಗೆದು, ಪ್ರತಿಯೊಂದನ್ನೂ ತಿರುಗಿಸಿ ಎರಡು ಮೂರು ಕೋನದಲ್ಲಿ ಅಳೆದು, ಹೆಡ್ ನಂಬರ್ ಸಮೇತ ಬರೆದಿಡಬೇಕು: ಲೈನ್ ಶುರುವಾದಾಗ, ಆಮೇಲೆ ಗಂಟೆಗೊಮ್ಮೆ, ಮೆಷಿನ್ ನಿಂತು ಮತ್ತೆ ಹೊರಟಾಗ. ಯಾವುದೇ ಜಾಬ್‌ವರ್ಕ್ ಫ್ಯಾಕ್ಟರಿಯನ್ನು ನೋಡಲು ಹೋದರೆ ರಿಸೆಪ್ಷನ್ನಿನ ಸರ್ಟಿಫಿಕೇಟುಗಳನ್ನು ಆಮೇಲೆ ನೋಡಿ, ಮೊದಲು ಹಿಂದಿನ ವಾರದ ಕ್ರಿಂಪ್ ಶೀಟ್ ಕೇಳಿ. ಎಲ್ಲ ಸಾಲಿನಲ್ಲೂ ಒಂದೇ ಸಂಖ್ಯೆ, ಒಂದೇ ಪೆನ್ನಿನಲ್ಲಿ ಇದ್ದರೆ ಅಳೆದಿಲ್ಲ ಎಂದರ್ಥ.

ಕ್ರಿಂಪ್ ಮಾಡುವ ಗಳಿಗೆಯಲ್ಲೇ ಒಳಗಿನ ಗಾಳಿಯನ್ನೂ ಎಳೆದು ತೆಗೆಯಬೇಕು. ಮೇಲಿನ ಬಾಡಿ ಸ್ಪ್ರೇ ಲೆಕ್ಕಕ್ಕೇ ಬನ್ನಿ. 210 ಮಿ.ಲೀ. ಡಬ್ಬಿಯಲ್ಲಿ 40 ಮಿ.ಲೀ. ಕಾನ್ಸಂಟ್ರೇಟ್ ಇದ್ದರೆ 170 ಮಿ.ಲೀ. ಗಾಳಿ. ಗ್ಯಾಸ್ ತುಂಬಿದ ಮೇಲೆ ಆ ಗಾಳಿಗೆ ಉಳಿಯುವುದು 60 ಮಿ.ಲೀ. ಜಾಗ. ಅಂದರೆ ಗಾಳಿಯೊಂದರದ್ದೇ ಒತ್ತಡ 2.8 ಬಾರ್ ಸಮೀಪಕ್ಕೆ ಹೋಗುತ್ತದೆ (ಸ್ವಲ್ಪ ದ್ರವದಲ್ಲಿ ಕರಗುವುದನ್ನು ಬಿಟ್ಟು). ಗ್ಯಾಸಿನ ಸ್ವಂತ ಒತ್ತಡವೇ ಮೂರು ಬಾರ್ ಚಿಲ್ಲರೆ ಎಂದಾಗ ಇದು ಸಣ್ಣ ಮಾತಲ್ಲ. 0.6 ಬಾರ್ ನಿರ್ವಾತ ಕೊಟ್ಟರೆ ಇದೇ ಗಾಳಿ 1.1 ಬಾರಿಗೆ ಇಳಿಯುತ್ತದೆ. ನಿರ್ವಾತ ಸರಿಯಿಲ್ಲದ ಡಬ್ಬಿಯನ್ನು ಗುರುತಿಸುವುದು ಸುಲಭ: ಹೊಸದರಲ್ಲಿ ಸ್ಪ್ರೇ ಭರ್ರನೆ ಬರುತ್ತದೆ, ಕಾಲು ಭಾಗ ಖಾಲಿಯಾಗುವಷ್ಟರಲ್ಲಿ ಮಂಕಾಗುತ್ತದೆ. ಸೋರಿಕೆ ಪರೀಕ್ಷಿಸುವ ಬಿಸಿನೀರಿನ ತೊಟ್ಟಿಯಲ್ಲಿ ತಳ ಹೊರಕ್ಕೆ ಉಬ್ಬುವ ಡಬ್ಬಿಗಳಲ್ಲೂ ಹಲವು ಇದೇ ಜಾತಿಯವು. ಹೆಡ್ಡಿನ ಸುತ್ತ ಡೋಮ್ ಮೇಲೆ ಕೂರುವ ರಬ್ಬರ್ ಸೀಲ್ ಹರಿದಿದ್ದರೆ ಪಂಪ್ ಎಷ್ಟೇ ಓಡಿದರೂ ನಿರ್ವಾತ ಬರದು, ಹಾಗಾಗಿ ಒಂದೊಂದು ಹೆಡ್ಡಿಗೂ ಪ್ರತ್ಯೇಕ ಗೇಜ್ ಬೇಕು.

ಗ್ಯಾಸ್ ರೂಮು

ಗ್ಯಾಸ್ ತುಂಬಲು ಎರಡು ವಿಧಾನ. ಕಪ್ಪನ್ನು ತುಸು ಎತ್ತಿ ಹಿಡಿದು ಅದರ ಅಡಿಯಿಂದ ಗ್ಯಾಸ್ ಬಿಟ್ಟು, ಅದೇ ಹೆಡ್ಡಿನಲ್ಲಿ ಕ್ರಿಂಪ್ ಮಾಡುವುದು ಒಂದು. ವೇಗ ಜಾಸ್ತಿ, ಆದರೆ ಹೆಡ್ ಮೇಲೆದ್ದಾಗ ಪ್ರತಿ ಡಬ್ಬಿಗೂ ಸ್ವಲ್ಪ ಗ್ಯಾಸ್ ಹೊರಗೆ ಹೋಗುತ್ತದೆ. ಮೊದಲು ಕ್ರಿಂಪ್ ಮಾಡಿ, ಆಮೇಲೆ ವಾಲ್ವಿನ ಮೂಲಕವೇ ಜೋರು ಒತ್ತಡದಲ್ಲಿ ಗ್ಯಾಸ್ ಒತ್ತುವುದು ಇನ್ನೊಂದು. ನಷ್ಟ ಕಡಿಮೆ, ಹಲವು ಬಗೆಯ ಡಬ್ಬಿಗೆ ಬೇಗ ಹೊಂದಿಸಬಹುದು. ಜಾಬ್‌ವರ್ಕಿನಲ್ಲಿ ದಿನಕ್ಕೊಂದು ಮಾಲು ಬದಲಾಗುವುದರಿಂದ ನನ್ನ ಓಟು ಎರಡನೆಯದಕ್ಕೇ. ಆದರೆ ವಾಲ್ವ್ ಈ ವಿಧಾನಕ್ಕೆ ಒಗ್ಗುತ್ತದೆಯೇ ಎಂದು ವಾಲ್ವ್ ತಯಾರಿಸುವವರಿಂದ ಬರೆಸಿಕೊಳ್ಳಬೇಕು. ಒತ್ತಡ ಹೆಚ್ಚಾದರೆ ಒಳ ಗ್ಯಾಸ್ಕೆಟ್ ಜಾಗ ಬಿಟ್ಟು ಮಡಚಿಕೊಳ್ಳುತ್ತದೆ.

ಗ್ಯಾಸಿನ ತೂಕ ಏರಿಳಿಯುತ್ತಿದ್ದರೆ ಮೊದಲು ಪೈಪಿನೊಳಗೆ ಗುಳ್ಳೆ ಇದೆಯೇ ನೋಡಿ. ಫಿಲ್ಲಿಂಗ್ ಸಿಲಿಂಡರ್ ಅಳೆಯುವುದು ಗಾತ್ರವನ್ನು. ಬೂಸ್ಟರ್ ಪಂಪಿನ ಒತ್ತಡ ಕುಸಿದರೆ ಅಥವಾ ಪೈಪು ಬಿಸಿಲಿಗೆ ಕಾದರೆ ದ್ರವ ಅಲ್ಲಲ್ಲಿ ಆವಿಯಾಗಿ, ಅಳತೆ ಸರಿಯಿದ್ದೂ ತೂಕ ಬೀಳುತ್ತದೆ. ಊಟದ ಬಿಡುವಿನ ನಂತರದ ಮೊದಲ ಡಬ್ಬಿಗಳು ಹಗುರವಾಗಿ ಬರುವುದು ಹೀಗೆ. ಕಾನ್ಸಂಟ್ರೇಟಿನ ಕಡೆಯೂ ಇಂಥದ್ದೇ ಒಂದು ಕಾಟ ಇದೆ: ಪುಡಿ ಇರುವ ಮಾಲನ್ನು ಟ್ಯಾಂಕಿನಲ್ಲಿ ಕಲಕುತ್ತಲೇ ಇದ್ದರೆ ಸಾಲದು, ಫಿಲ್ಲರ್‌ವರೆಗಿನ ಪೈಪಿನಲ್ಲೂ ಅದು ಸುತ್ತುತ್ತಿರಬೇಕು. ನಿಂತ ಪೈಪಿನಲ್ಲಿ ಪುಡಿ ತಳಕಂಡು ಒಂದಿಷ್ಟು ಡಬ್ಬಿಗೆ ಪುಡಿಯೇ, ಮುಂದಿನವಕ್ಕೆ ತಿಳಿಯೇ. ಲೈನಿನಲ್ಲಿ ಡಬ್ಬಿಗಳನ್ನು ತೂಗುವ ಚೆಕ್‌ವೇಯರ್ ಇದನ್ನು ಹಿಡಿಯುವುದಿಲ್ಲ, ಒಟ್ಟು ತೂಕ ಸರಿಯಾಗೇ ಇರುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿಯೇ ಬೇಡ. ಒಂದು ಲೀಟರ್ ದ್ರವ ಎಲ್‌ಪಿಜಿ ಸೋರಿದರೆ ಸುಮಾರು 250 ಲೀಟರ್ ಆವಿ. ಗಾಳಿಯಲ್ಲಿ ಅದು ಶೇ. 2ರಷ್ಟಿದ್ದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಚರಂಡಿ, ಕೇಬಲ್ ಗುಂಡಿಗಳಲ್ಲಿ ಕೂರುತ್ತದೆ. ವಾಸನೆ ತೆಗೆದಿರುವುದರಿಂದ ಮೂಗಿಗೆ ಗೊತ್ತಾಗುವುದಿಲ್ಲ; ಸೆನ್ಸರುಗಳೇ ಮೂಗು. ಅವು ಇರಬೇಕಾದ್ದು ನೆಲದ ಹತ್ತಿರ, ಹೀರುವ ಫ್ಯಾನಿನ ಬಾಯಿಯೂ ಅಲ್ಲೇ. ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣದ ಶೇ. 20 ಮುಟ್ಟಿದಾಗ ಗಂಟೆ ಬಾರಿಸಿ ಫ್ಯಾನ್ ವೇಗ ಹೆಚ್ಚುವುದು, ಶೇ. 40ಕ್ಕೆ ಗ್ಯಾಸ್ ಲೈನೇ ಬಂದ್ ಆಗುವುದು ರೂಢಿಯ ವ್ಯವಸ್ಥೆ. ಗ್ಯಾಸ್ ರೂಮು ಮುಖ್ಯ ಕಟ್ಟಡದಿಂದ ಬೇರೆ ಇರಬೇಕು, ಸ್ಫೋಟವಾದರೆ ಒತ್ತಡ ಹೊರಹೋಗಲು ಬಿಟ್ಟುಕೊಡುವ ಒಂದು ಗೋಡೆ ಅಥವಾ ಚಾವಣಿ ಇರಬೇಕು. ಸೆನ್ಸರನ್ನು ಕೊನೆಯ ಬಾರಿ ಪರೀಕ್ಷಾ ಗ್ಯಾಸ್ ಹಿಡಿದು ನೋಡಿದ್ದು ಯಾವಾಗ ಎಂದು ಕೇಳಿ. ತಡವರಿಸಿದರೆ ನಿಮ್ಮ ಮಾಲನ್ನು ಅಲ್ಲಿ ತುಂಬಿಸಬೇಡಿ.

ಬಿಸಿನೀರಿನ ತೊಟ್ಟಿ

ತುಂಬಿದ ಪ್ರತಿ ಡಬ್ಬಿಯೂ ವಾಟರ್ ಬಾತ್‌ನಲ್ಲಿ ಮುಳುಗಿ ಬರಬೇಕು. ಅಪಾಯಕಾರಿ ಸರಕು ಸಾಗಣೆಯ ವಿಶ್ವಸಂಸ್ಥೆ ನಿಯಮಾವಳಿಯ ಪ್ರಕಾರ ಡಬ್ಬಿಯೊಳಗಿನ ಒತ್ತಡ 55 ಡಿಗ್ರಿಯಲ್ಲಿ ಎಷ್ಟಿರುತ್ತದೋ ಅಷ್ಟಕ್ಕೆ ಏರಬೇಕು. 50 ಡಿಗ್ರಿಯಲ್ಲಿ ದ್ರವ ಶೇ. 95 ಮೀರದಿದ್ದರೆ 50 ಡಿಗ್ರಿಯ ಒತ್ತಡ ಸಾಕು. ಗಮನಿಸಿ, ಈ ಉಷ್ಣತೆಗೆ ತಕ್ಕ ಒತ್ತಡ ಬರಬೇಕಾದ್ದು ಡಬ್ಬಿಯ ಒಳಗೆ. ನೀರಿನ ಥರ್ಮಾಮೀಟರ್ 50 ತೋರಿಸಿದ ಮಾತ್ರಕ್ಕೆ ಎರಡು ನಿಮಿಷ ಮುಳುಗಿದ ಡಬ್ಬಿಯ ಒಳಗೂ 50 ಆಗಿರುವುದಿಲ್ಲ. ಬಾತ್‌ನಿಂದ ಹೊರಬಂದ ಡಬ್ಬಿಗೆ ತಕ್ಷಣ ಪ್ರೆಶರ್ ಗೇಜ್ ಒತ್ತಿ ನೋಡುವುದೊಂದೇ ಖಾತ್ರಿ. ಬಿಸಿ ತಡೆಯದ ಮಾಲುಗಳಿಗೆ 20ರಿಂದ 30 ಡಿಗ್ರಿ ನೀರು ಸಾಕೆಂದಿದೆ, ಆದರೆ ಆಗಲೂ 2000ಕ್ಕೆ ಒಂದು ಡಬ್ಬಿಯನ್ನು ಹೆಚ್ಚಿನ ಉಷ್ಣತೆಯಲ್ಲಿ ಪರೀಕ್ಷಿಸಲೇಬೇಕು. ನೀರಿಲ್ಲದೆ ಸೂಕ್ಷ್ಮ ಸೆನ್ಸರಿನಲ್ಲಿ ಸೋರಿಕೆ ಹಿಡಿಯುವ ಪದ್ಧತಿಗೂ ಅನುಮತಿ ಇದೆ.

ಗುಳ್ಳೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿದರೆ ಅರ್ಧ ರೋಗ ಪತ್ತೆಯಾಯಿತು. ಕಪ್ಪಿನ ಅಂಚಿನ ಸುತ್ತ ಒಂದೇ ಜಾಗದಿಂದ ಸಾಲಾಗಿ ಏಳುತ್ತಿದ್ದರೆ ಕ್ರಿಂಪ್, ಇಲ್ಲವೇ ಡಬ್ಬಿಯ ಬಾಯಂಚಿನ ತಗ್ಗು. ಸ್ಟೆಮ್ಮಿನ ತುದಿಯಿಂದ ಬಂದರೆ ಒಳ ಗ್ಯಾಸ್ಕೆಟ್ ಅಥವಾ ಅದರ ಮೇಲೆ ಕೂತ ಕಸ. ಮೈಯ ಬೆಸುಗೆಯುದ್ದಕ್ಕೆ ಬಂದರೆ ಡಬ್ಬಿ ತಯಾರಿಕೆಯ ದೋಷ, ಕೂಡಲೇ ಆ ಪ್ಯಾಲೆಟ್ ನಂಬರ್ ಬರೆದುಕೊಂಡು ಪಕ್ಕಕ್ಕಿಡಿ. ಸುಳ್ಳು ಗುಳ್ಳೆಗಳೂ ಉಂಟು: ಕಪ್ಪಿನ ಗುಳಿಯಲ್ಲಿ, ಸ್ಟೆಮ್ಮಿನೊಳಗೆ ಉಳಿದ ಗ್ಯಾಸ್ ಮುಳುಗಿದ ಕೂಡಲೇ ಒಂದಿಷ್ಟು ಎದ್ದು ನಿಂತುಬಿಡುತ್ತದೆ. ನಿಲ್ಲದೆ ಒಂದೇ ಲಯದಲ್ಲಿ ಬರುವುದು ಮಾತ್ರ ನಿಜವಾದ ಸೋರಿಕೆ. ತೊಟ್ಟಿಯಿಂದ ಬಂದ ಮೇಲೆ ಕಪ್ಪಿನ ಗುಳಿಯಲ್ಲಿ ನಿಂತ ನೀರನ್ನು ಗಾಳಿ ಊದಿ ತೆಗೆಯದಿದ್ದರೆ, ಮೇಲೆ ಮುಚ್ಚಳ ಬಿದ್ದು, ಒಳಗೆ ತುಕ್ಕು ಹಿಡಿಯುತ್ತದೆ.

ಬಾತ್ ಹಿಡಿಯುವುದು ದೊಡ್ಡ ಸೋರಿಕೆಯನ್ನು ಮಾತ್ರ. ವರ್ಷಕ್ಕೆ ಮೂರು ನಾಲ್ಕು ಗ್ರಾಂ ಕಳೆದುಕೊಳ್ಳುವ ಡಬ್ಬಿ ಅಲ್ಲಿ ಒಂದು ಗುಳ್ಳೆಯನ್ನೂ ತೋರಿಸದೆ ಪಾಸಾಗುತ್ತದೆ. ಅದಕ್ಕೆ ಬೇಕಾದ್ದು ಸ್ಟೋರೇಜ್ ಟೆಸ್ಟ್: ಅರ್ಧದಷ್ಟು ಡಬ್ಬಿ ನೆಟ್ಟಗೆ, ಅರ್ಧದಷ್ಟು ತಲೆಕೆಳಗಾಗಿ, ಕೋಣೆಯ ಉಷ್ಣತೆಯಲ್ಲೊಂದು ಗುಂಪು, 40 ಡಿಗ್ರಿಯಲ್ಲೊಂದು ಗುಂಪು, 1, 3, 6, 12 ತಿಂಗಳಿಗೆ ತೂಗಿ, ಕೆಲವನ್ನು ತೆರೆದು ಒಳಗಿನ ಲ್ಯಾಕರ್, ಬೆಸುಗೆ, ಕಪ್ಪಿನ ಅಡಿಭಾಗ ನೋಡುವುದು. ತಲೆಕೆಳಗಿಟ್ಟವು ಮುಖ್ಯ, ಏಕೆಂದರೆ ಆಗ ದ್ರವ ಗ್ಯಾಸ್ಕೆಟ್ಟನ್ನು ಮುಟ್ಟಿಕೊಂಡೇ ಇರುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಮಾರುಕಟ್ಟೆಗೆ ಇಳಿಯುವ ಆತುರದವರಿಗೆ ಹೇಳುವುದಿಷ್ಟೇ: ಕನಿಷ್ಠ ಮೂರು ತಿಂಗಳ 40 ಡಿಗ್ರಿಯ ಫಲಿತಾಂಶವಾದರೂ ಕೈಯಲ್ಲಿರಲಿ.

ಬ್ಯಾಗ್-ಆನ್-ವಾಲ್ವ್ ಬೇರೆಯದೇ ಲೋಕ. ಅಲ್ಲಿ ಮಾಲು ಚೀಲದೊಳಗೆ, ಒತ್ತಡದ ಗಾಳಿ ಅಥವಾ ನೈಟ್ರೋಜನ್ ಚೀಲದ ಹೊರಗೆ. ಮೊದಲು ಕಪ್ಪಿನಡಿಯಿಂದ ಸುಮಾರು 2 ಬಾರ್ ಗಾಳಿ ಕೊಟ್ಟು ಕ್ರಿಂಪ್, ಆಮೇಲೆ ವಾಲ್ವಿನ ಮೂಲಕ ಮಾಲು. ಉರಿಯುವ ಗ್ಯಾಸ್ ಇಲ್ಲ. ಆದರೆ ಇಲ್ಲಿ ಸೋರಿದ ಗಾಳಿಯ ಜಾಗ ತುಂಬಲು ದ್ರವರೂಪದ ಗ್ಯಾಸ್ ದಾಸ್ತಾನು ಇರುವುದಿಲ್ಲ, ಸ್ವಲ್ಪ ಸೋರಿದರೂ ಚೀಲ ಪೂರ್ತಿ ಹಿಂಡುವುದಿಲ್ಲ. ಆದ್ದರಿಂದ ಮಾಲು ತುಂಬುವ ಮೊದಲು ಪ್ರತಿ ಡಬ್ಬಿಯ ಒತ್ತಡ ನೋಡುವ ಲೈನ್ ಇದ್ದವರಿಗೇ ಕೊಡಿ.

ಕೊನೆಗೆ ಕರಾರಿನ ಮಾತು. ಡಬ್ಬಿ, ವಾಲ್ವ್, ಮುಚ್ಚಳ ನೀವೇ ತರಿಸಿಕೊಡುವುದಾದರೆ ಎಷ್ಟು ಶೇಕಡಾ ವೇಸ್ಟೇಜಿಗೆ ಒಪ್ಪಿಗೆ ಎಂದು ಮೊದಲೇ ಬರೆಯಿರಿ. ಲೈನ್ ಸೆಟ್ ಮಾಡುವಾಗಲೇ ಒಂದಿಷ್ಟು ಹೋಗುತ್ತದೆ, ಸಣ್ಣ ಬ್ಯಾಚಿನಲ್ಲಿ ಆ ಶೇಕಡಾ ದೊಡ್ಡದಾಗಿ ಕಾಣುತ್ತದೆ. ಪ್ರಿಂಟ್ ಮಾಡಿದ ಡಬ್ಬಿಗೆ ಡಬ್ಬಿ ಕಂಪನಿಯ ಕನಿಷ್ಠ ಆರ್ಡರ್ ತುಂಬಿಸಿಕೊಡುವವರ ಕನಿಷ್ಠಕ್ಕಿಂತ ಎಷ್ಟೋ ಪಾಲು ಹೆಚ್ಚಿರುತ್ತದೆ, ಹಾಗಾಗಿ ಮೊದಲ ಸುತ್ತಿಗೆ ಬರೀ ಡಬ್ಬಿಗೆ ಶ್ರಿಂಕ್ ಸ್ಲೀವ್ ಹಾಕಿಸುವುದು ಜಾಣತನ. ಸ್ಲೀವ್ ಕುಗ್ಗಿಸಲು ಬಿಸಿ ಬೇಕು, ಆದ್ದರಿಂದ ಅದನ್ನು ಖಾಲಿ ಡಬ್ಬಿಗೇ ಹಾಕಿಸಿ. ಉಳಿದ ವಾಲ್ವ್‌ಗಳು ಯಾರ ಜಾಗದಲ್ಲಿ, ಎಷ್ಟು ತಿಂಗಳು ಇರುತ್ತವೆ ಎಂಬುದೂ ಕರಾರಿನಲ್ಲಿರಲಿ. ರಿಜೆಕ್ಟ್ ಆದ ತುಂಬಿದ ಡಬ್ಬಿಗಳನ್ನು ತೂತು ಮಾಡಿ ಗ್ಯಾಸ್ ಹಿಡಿಯುವ ಯಂತ್ರ ಅವರಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಅವು ಗುಜರಿಗೆ ಹೋಗುತ್ತವೆ, ಅಲ್ಲಿ ಏನಾದರೂ ಆದರೆ ಡಬ್ಬಿಯ ಮೇಲಿರುವುದು ನಿಮ್ಮ ಹೆಸರು. ಪ್ರತಿ ಬ್ಯಾಚಿನ ಉಳಿಕೆ ಮಾದರಿಗಳನ್ನು ಅವರ ಹತ್ತಿರ ಒಂದಿಷ್ಟು, ನಿಮ್ಮ ಹತ್ತಿರ ಒಂದಿಷ್ಟು ಇಟ್ಟುಕೊಂಡು, ಇಡುವ ದಿನವೇ ಡಬ್ಬಿಯ ತೂಕವನ್ನು ಅದರ ತಳದಲ್ಲಿ ಮಾರ್ಕರ್‌ನಿಂದ ಬರೆದಿಡಿ.